ಪುಕ್ಕಟೆ ಡೆಸ್ಕ್‌ಟಾಪ್‌ಗೆ ನಮ್ಮ ಕಿರಿಕಿರಿಯೂ ಬೇಕು

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ಸಣ್ಣದೊಂದು ಸೂಚನೆ ಕಾಣಿಸಿತು. ಕೆಡಿಇ ಎಂಬ ಉಚಿತ ತಂತ್ರಾಂಶ ಯೋಜನೆಗೆ ದೇಣಿಗೆ ಕೊಡುತ್ತೀರಾ ಎಂದು ಕೇಳುತ್ತಿತ್ತು. "ನೋಡಿದಿರಾ ಸರ್, ಪುಕ್ಕಟೆ ಎಂದು ಹಾಕಿಕೊಟ್ಟಿರಿ. ಈಗ ಮೆಲ್ಲಗೆ ಕೈ ಚಾಚುತ್ತಿದ್ದಾರೆ" ಎಂದು ನಕ್ಕರು. ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದ 6.2 ಆವೃತ್ತಿಯಿಂದ ಬಂದಿರುವ ಈ ಸೂಚನೆ ವರ್ಷಕ್ಕೊಮ್ಮೆ ಮಾತ್ರ ಕಾಣಿಸುತ್ತದೆ, ಮುಚ್ಚಿದರೆ ಮುಂದಿನ ವರ್ಷದವರೆಗೆ ತಂಟೆಯಿಲ್ಲ. ನಿಮಿಷಕ್ಕೊಂದು ಜಾಹೀರಾತು ತೋರಿಸುವ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಈ ಮಾತು ಹೇಳಿದ್ದರು. ಅದಿರಲಿ.

ಅವರ ಲ್ಯಾಪ್‌ಟಾಪ್ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು, ವಿಂಡೋಸ್ 11ರ ಷರತ್ತುಗಳಿಗೆ ಅವರ ಪ್ರೊಸೆಸರ್ ಒಗ್ಗಲಿಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿ, ಮೇಲೆ ಕೆಡಿಇ ಪ್ಲಾಸ್ಮಾ ಕೂರಿಸಿಕೊಟ್ಟಿದ್ದೆ. ಕಾಕತಾಳೀಯವೆಂದರೆ, ಕೆಡಿಇ ಹುಟ್ಟಿದ್ದೂ ಅಕ್ಟೋಬರ್ 14ರಂದೇ. 1996ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ ಅಂದು ಒಂದು ಕರೆ ಕೊಟ್ಟ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಕಾರ್ಯವ್ಯವಸ್ಥೆಯಲ್ಲಿ ಒಂದೊಂದು ತಂತ್ರಾಂಶದ ಮೆನು, ಗುಂಡಿ, ಕಿಟಕಿ ಒಂದೊಂದು ಥರ, ಸಾಮಾನ್ಯ ಬಳಕೆದಾರ ಏನು ಮಾಡಬೇಕು ಎಂಬುದು ಅವನ ತಕರಾರು. ಜೊತೆಗೆ ಬರುವವರು ಬನ್ನಿ ಎಂದ, ಬಂದರು. ನಾವು ಮೌಸ್ ಹಿಡಿದು ನೋಡುವ ಕಿಟಕಿ, ಕೆಳಗಿನ ಪಟ್ಟಿ, ಕಡತಗಳ ಚಿತ್ರ, ಗಡಿಯಾರ ಎಲ್ಲ ಸೇರಿದ್ದೇ ಡೆಸ್ಕ್‌ಟಾಪ್ ಪರಿಸರ. ಅದನ್ನು ಆ ಜನ ಬಿಡುವಿನ ವೇಳೆಯಲ್ಲಿ ಕಟ್ಟಿದರು.

ಕಲಬುರಗಿಯಲ್ಲಿ ಇದನ್ನು ವಿವರಿಸಲು ಹೊರಟರೆ ಎದುರಿಗಿದ್ದವರು ಥಟ್ಟನೆ "ಹಾಗಾದರೆ ಇದು ಶರಣಬಸವೇಶ್ವರರ ದಾಸೋಹ ಇದ್ದಂತೆ" ಎನ್ನುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ದಾಸೋಹದಲ್ಲಿ ಬಡಿಸುವವರಿಗೆ ಉಣ್ಣುವವರ ಹಸಿವು ಗೊತ್ತಿರುತ್ತದೆ. ಇಲ್ಲಿ ಬಹುಪಾಲು ಮಂದಿ ತಮಗೆ ಕಿರಿಕಿರಿಯಾದದ್ದನ್ನು ಸರಿಪಡಿಸಿಕೊಳ್ಳುತ್ತಾರೆ, ಆಮೇಲೆ ಅದನ್ನು ಎಲ್ಲರಿಗೂ ಬಿಟ್ಟುಕೊಡುತ್ತಾರೆ. 2011ರಲ್ಲಿ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್‌ನ 3ನೇ ಆವೃತ್ತಿ ಬಂದು ಹಳೆಯ ರೂಪವನ್ನೇ ಬದಲಿಸಿದಾಗ ಬೈದವರಿಗೆ ಲೆಕ್ಕವಿರಲಿಲ್ಲ. ಅರ್ಜೆಂಟೀನಾದ ಒಬ್ಬ ಬಳಕೆದಾರ ಮಾತ್ರ ಹಳೆಯ ಗ್ನೋಮ್ 2ರ ಸಂಕೇತವನ್ನೇ (ಕೋಡ್) ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದ. ಬೈಗುಳಗಳು ಎಲ್ಲಿ ಹೋದವೋ, ಮಾಟೆ ಇಂದಿಗೂ ಇದೆ.

ಎಲ್ಲರೂ ಬಿಟ್ಟಿ ದುಡಿಯುತ್ತಾರೆ ಎಂದೇನೂ ಅಲ್ಲ. ಗ್ನೋಮ್‌ನಲ್ಲಿ ರೆಡ್ ಹ್ಯಾಟ್‌ನಂತಹ ಕಂಪನಿಗಳ ಸಂಬಳದವರು ಬಹಳ ಕಾಲದಿಂದ ಇದ್ದಾರೆ, ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದಲ್ಲಿ ಪ್ಲಾಸ್ಮಾ ಇರುವುದರಿಂದ ಆ ಕಡೆಯ ದುಡ್ಡೂ ಬರುತ್ತದೆ. ಸಣ್ಣ ಯೋಜನೆಗಳಿಗೆ ಆ ಭಾಗ್ಯವಿಲ್ಲ. ನಮ್ಮ ಲ್ಯಾಬಿನ ಹಳೆಯ ಯಂತ್ರಗಳನ್ನು ಇನ್ನೂ ಬದುಕಿಸಿಟ್ಟಿರುವುದು ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್. ಅದರ 4.12 ಬಂದದ್ದು 2015ರಲ್ಲಿ, ಮುಂದಿನ 4.14 ಬರಲು 2019 ಆಯಿತು. ಬೆರಳೆಣಿಕೆಯ ಸ್ವಯಂಸೇವಕರು ನೌಕರಿ, ಸಂಸಾರ ಮುಗಿಸಿ ಕುಳಿತು ಮಾಡುವ ಕೆಲಸ ಅಷ್ಟೇ ವೇಗದಲ್ಲಿ ನಡೆಯುತ್ತದೆ. ನನಗೆ ಆ ನಿಧಾನದ ಬಗ್ಗೆ ದೂರಿಲ್ಲ. ಬೆಳಿಗ್ಗೆ ಲ್ಯಾಬ್ ತೆರೆದಾಗ ಮೆನು ನಿನ್ನೆ ಇದ್ದಲ್ಲೇ ಇದ್ದರೆ ನನಗೆ ಸಾಕು.

ಈಗ ನಮ್ಮ ಪಾಲಿನ ವಿಷಯಕ್ಕೆ ಬರುತ್ತೇನೆ. ಲ್ಯಾಬಿನ ಒಂದು ಯಂತ್ರದಲ್ಲಿ ಕನ್ನಡ ಆಯ್ಕೆ ಮಾಡಿಟ್ಟಿದ್ದೆವು. ಪರದೆ ಚಿಕ್ಕದು, ಆದ್ದರಿಂದ ಕೆಳಗಿನ ಪಟ್ಟಿಯನ್ನು ಸಣ್ಣದಾಗಿಸಿದ್ದೆವು. ಯಾದಗಿರಿಯಿಂದ ದಿನಾ ಓಡಾಡುವ ವಿದ್ಯಾರ್ಥಿನಿಯೊಬ್ಬಳು ಅಲ್ಲಿನ ಗಡಿಯಾರ ನೋಡಿ, "ಸರ್, ಇದು ಅಕೋಬರ್ ಎಂದು ತೋರಿಸುತ್ತಿದೆ" ಎಂದಳು. ಅಕ್ಷರ ಸರಿಯಾಗಿಯೇ ಇತ್ತು, 'ಕ್ಟೋ'ದ ಕೆಳಗಿನ ಟ ಒತ್ತು ಮಾತ್ರ ಪಟ್ಟಿಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಅದು ಜೋಡಿಸಿದ್ದಕ್ಕೆ ಮೇಲಿನ ಪದರ ಸಾಕಷ್ಟು ಜಾಗ ಬಿಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಜಿ, ವೈಯಂತಹ ಕೆಲವು ಅಕ್ಷರಗಳ ಬಾಲವಷ್ಟೇ. ಕನ್ನಡದ ಒತ್ತಿಗೆ ಅಷ್ಟು ಜಾಗ ಸಾಲದು.

ಆ ಡೆಸ್ಕ್‌ಟಾಪ್ ಕಟ್ಟುವವರಿಗೆ ಅವಳೇ ದೋಷದ ವರದಿ ಬರೆದಳು: ಯಾವ ಆವೃತ್ತಿ, ಯಾವ ಫಾಂಟ್, ಪಟ್ಟಿಯ ಎತ್ತರ ಎಷ್ಟು ಪಿಕ್ಸೆಲ್, ಏನೇನು ಮಾಡಿದರೆ ದೋಷ ಕಾಣಿಸುತ್ತದೆ, ಜೊತೆಗೊಂದು ಪರದೆಯ ಚಿತ್ರ. ಯುರೋಪಿನ ಸ್ವಯಂಸೇವಕನೊಬ್ಬ ವಿನಯದಿಂದಲೇ ಉತ್ತರಿಸಿದ. ಚಿತ್ರದಲ್ಲಿ ತನಗೆ ಏನೂ ತಪ್ಪು ಕಾಣುತ್ತಿಲ್ಲ, ಸರಿಯಾದದ್ದು ಹೇಗಿರಬೇಕು ತೋರಿಸುತ್ತೀರಾ ಎಂದು ಕೇಳಿದ. ಅವಳು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಒತ್ತಿನ ಸುತ್ತ ಕೆಂಪು ವೃತ್ತ ಹಾಕಿ ಕಳುಹಿಸಿದಳು. ಆಗ ಅವನಿಗೆ ಹೊಳೆಯಿತು.

ಆ ಮನುಷ್ಯ ಸಂಕೇತ ಬರೆಯುವುದರಲ್ಲಿ ನಮ್ಮೆಲ್ಲರಿಗಿಂತ ಜಾಣ. ಆದರೂ ಆ ದೋಷ ಅವನ ಕಣ್ಣಿಗೆ ಬೀಳಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಅವನಿಗೆ ಕನ್ನಡ ಓದಲು ಬರುವುದಿಲ್ಲ. ಸ್ವಂತ ಕಿರಿಕಿರಿಯಿಂದ ನಡೆಯುವ ಯೋಜನೆಯಲ್ಲಿ ಕಿರಿಕಿರಿ ಅನುಭವಿಸುವವರು ಬಾಯಿ ಮುಚ್ಚಿಕೊಂಡಿದ್ದರೆ ದೋಷ ಇದ್ದಲ್ಲೇ ಇರುತ್ತದೆ. ಒಳ್ಳೆಯ ಮನಸ್ಸಿನವರು ಎಷ್ಟೇ ಜನ ಇದ್ದರೂ ಅಷ್ಟೇ. ಅನುವಾದದ ಕಥೆಯೂ ಇದೇ. ಗ್ನೋಮ್‌ನಲ್ಲಿ ಒಂದು ಭಾಷೆಗೆ ಬೆಂಬಲವಿದೆ ಎನ್ನಿಸಿಕೊಳ್ಳಲು ಶೇ. 80ರಷ್ಟು ವಾಕ್ಯಗಳು ಅನುವಾದವಾಗಿರಬೇಕು. ಪ್ರತಿ ಆವೃತ್ತಿಗೂ ಹೊಸ ವಾಕ್ಯಗಳು ಸೇರುತ್ತವೆ, ಆದ್ದರಿಂದ ಒಮ್ಮೆ ಮಾಡಿ ಸನ್ಮಾನ ಮಾಡಿಸಿಕೊಂಡು ಮಲಗಿದರೆ ಮೆನುವಿನ ಅರ್ಧ ಮತ್ತೆ ಇಂಗ್ಲಿಷಾಗುತ್ತದೆ.

ನನ್ನ ನಿಜವಾದ ಸಿಟ್ಟು ನಮ್ಮ ಪ್ರಾಜೆಕ್ಟ್ ಪದ್ಧತಿಯ ಮೇಲೆ. ಕೊನೆಯ ವರ್ಷದ ಹುಡುಗರು ದುಡ್ಡು ಕೊಟ್ಟು 'ಗ್ರಂಥಾಲಯ ನಿರ್ವಹಣಾ ವ್ಯವಸ್ಥೆ' ಕೊಂಡು ತರುತ್ತಾರೆ. ಹೆಸರು ಬದಲಾಯಿಸಿ, ಬೈಂಡ್ ಮಾಡಿಸಿ, ಚಿನ್ನದ ಬಣ್ಣದ ಅಕ್ಷರ ಹಾಕಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ವರದಿಗಳು ಕಪಾಟು ಸೇರುತ್ತವೆ, ಕಪಾಟು ತುಂಬಿದ ಮೇಲೆ ರದ್ದಿಯವನ ತಕ್ಕಡಿ ಸೇರುತ್ತವೆ. ಇದೇ ಹುಡುಗರಿಗೆ ನಾವು ಓಪನ್ ಸೋರ್ಸ್ (ಎಲ್ಲರಿಗೂ ತೆರೆದಿಟ್ಟ ಕೋಡ್) ಬಗ್ಗೆ ಪಾಠ ಮಾಡಿ, ಟಿಪ್ಪಣಿ ಬರೆಸಿ, ಐದು ಅಂಕದ ಪ್ರಶ್ನೆ ಕೇಳುತ್ತೇವೆ! ಯಾರೂ ಓದದ ಅಂತಹ ವರದಿಗಿಂತ ಅಕ್ಟೋಬರ್ ಕುರಿತ ಆ ಒಂದು ಪುಟ ಹೆಚ್ಚು ಅಂಕಕ್ಕೆ ಯೋಗ್ಯ ಎಂದು ಸಭೆಯಲ್ಲಿ ಹೇಳಿದೆ. "ಅದರಲ್ಲಿ ಕೋಡಿಂಗ್ ಎಲ್ಲಿದೆ?" ಎಂದು ಒಬ್ಬರು ಕೇಳಿದರು. ಕೊಂಡು ತಂದ ಪ್ರಾಜೆಕ್ಟಿನಲ್ಲಿ ವಿದ್ಯಾರ್ಥಿಯ ಕೋಡಿಂಗ್ ಎಲ್ಲಿದೆ ಎಂದು ನಾನೂ ಕೇಳಿದೆ. ಆಮೇಲೆ ಚಹಾ ಬಂತು, ವಿಷಯ ಬದಲಾಯಿತು.

2011ರ ಮಾರ್ಚ್, ಏಪ್ರಿಲ್‌ನಲ್ಲಿ ಕೆಡಿಇ ಮತ್ತು ಗ್ನೋಮ್ ಎರಡರ ಸಮ್ಮೇಳನಗಳೂ ಬೆಂಗಳೂರಿನಲ್ಲಿ ನಡೆದವು. ಇಲ್ಲಿನವರಿಗೆ ಆ ಊರು ಒಂದು ರಾತ್ರಿಯ ಪ್ರಯಾಣ. ಎಲ್ಲವೂ ಬೆಂಗಳೂರಿಗೇ ಹೋಗುತ್ತದೆ ಎಂಬ ನಮ್ಮ ದೂರು ಬಹಳಷ್ಟು ವಿಷಯಗಳಲ್ಲಿ ಸರಿಯೇ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದೂ ಸುಮ್ಮನೆ ಅಲ್ಲ. ಆದರೆ ಈ ಕೆಲಸಕ್ಕೆ ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ. ಹಳೆಯ ಯಂತ್ರ, ಸಾಧಾರಣ ಇಂಟರ್‌ನೆಟ್, ತಪ್ಪು ಕಂಡರೆ ಸುಮ್ಮನಿರಲಾರದ ಸ್ವಭಾವ ಇದ್ದರೆ ಆಯಿತು. ಮೂರನೆಯದು ನಮ್ಮ ಕಡೆ ಧಾರಾಳವಾಗಿದೆ.

ಬೀದರ್, ಯಾದಗಿರಿ, ಕಲಬುರಗಿಯಲ್ಲಿ ಲಿನಕ್ಸ್ ಪರದೆಯನ್ನು ಕನ್ನಡದಲ್ಲಿ ಇಟ್ಟುಕೊಂಡವರು ಯಾರಾದರೂ ಇದ್ದರೆ, ಕತ್ತರಿಸಿದ ಒತ್ತು, ಚೌಕವಾಗಿ ಕಾಣುವ ಅಕ್ಷರ, ಅರ್ಥವಾಗದ ಮೆನು ಕಂಡಾಗ ಚಿತ್ರ ತೆಗೆದು ನನಗೆ ಕಳುಹಿಸಿ. ಇಂಗ್ಲಿಷಿನಲ್ಲಿ ವರದಿ ಬರೆಯಲು ಹಿಂಜರಿಕೆ ಇದ್ದರೆ ನನ್ನ ವಿದ್ಯಾರ್ಥಿಗಳು ಬರೆದುಕೊಡುತ್ತಾರೆ. ಡೆಸ್ಕ್‌ಟಾಪ್ ಯಾವುದು, ಆವೃತ್ತಿ ಯಾವುದು, ಫಾಂಟ್ ಯಾವುದು ಎಂಬ ಮೂರು ವಿವರ ಬೇಕೇ ಬೇಕು. "ಸರಿಯಾಗಿ ಕಾಣುತ್ತಿಲ್ಲ" ಎಂದಷ್ಟೇ ಬರೆದವರಿಗೆ ಇದೇ ಪ್ರಶ್ನೆಗಳನ್ನು ತಿರುಗಿ ಕಳುಹಿಸುತ್ತೇನೆ.