ಸ್ಟಿಕ್ಕರ್ ಬಂದಿದೆ, ಯುದ್ಧ ಬರಬೇಕು

ನಮ್ಮ ಬೀದಿ ಕೊನೆಯಲ್ಲಿ ಒಂದು ದರ್ಶಿನಿ ಇದೆ. ಕ್ಯಾಶ್ ಕೌಂಟರ್ ಮೇಲೆ ಬೆಲೆಪಟ್ಟಿ. ಅದರಲ್ಲಿ ಕಾಫಿ ಎದುರಿನ ಅಂಕಿ ಮಾತ್ರ ಬೋರ್ಡಿನಿಂದ ಉಬ್ಬಿ ಆಚೆ ಬಂದಿದೆ. ಹೊಸ ಬೋರ್ಡ್ ಬರೆಸಿದರೆ ದುಡ್ಡು ದಂಡ ಅಂತ ಓನರ್ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟಿಸುತ್ತಾ ಬಂದಿದ್ದಾರೆ. ಉಗುರಿನಲ್ಲಿ ಒಂದೊಂದೇ ಕೆರೆದರೆ ಪ್ರಪಂಚದ ಇತಿಹಾಸ ಸಿಗುತ್ತದೆ. ತಳದ ಸ್ಟಿಕ್ಕರ್ 2022ರದ್ದು, ಉಕ್ರೇನ್ ಯುದ್ಧ. ಅದರ ಮೇಲಿನದು ನಮ್ಮಂತೆ ಕಾಫಿ ಬೆಳೆಯುವ ವಿಯೆಟ್ನಾಂನಲ್ಲಿ ಮಳೆ ಬರದೇ ಹೋದದ್ದು. ಅದರ ಮೇಲೆ ಬ್ರೆಜಿಲ್ ಬರ. ಎಲ್ಲಕ್ಕಿಂತ ಮೇಲೆ, ಇನ್ನೂ ಹೊಳೆಯುತ್ತಿರುವುದು, ಟ್ರಂಪ್.

ಬೆಳಿಗ್ಗೆ ಏಳಕ್ಕೆ ಆ ಬೋರ್ಡಿನ ಕೆಳಗೆ ವಿಶ್ವಸಂಸ್ಥೆ ಸೇರುತ್ತದೆ. ಸದಸ್ಯರು ಇಬ್ಬರು. ಬ್ಯಾಂಕಿನಿಂದ ರಿಟೈರಾದ ಬ್ಯಾಂಕ್ ಸಾರ್, ಹೈಸ್ಕೂಲಿನಿಂದ ರಿಟೈರಾದ ಮೇಷ್ಟ್ರು. ಒಂದು ಕಾಫಿಯನ್ನು ಒನ್ ಬೈ ಟೂ ಮಾಡಿಕೊಂಡು ಪ್ರಪಂಚವನ್ನೂ ಒನ್ ಬೈ ಟೂ ಮಾಡುತ್ತಾರೆ. ಅಮೆರಿಕ ಬ್ಯಾಂಕ್ ಸಾರ್ ಕಡೆ. ಮಗ ಅಲ್ಲಿದ್ದಾನೆ. ರಷ್ಯಾ ಮೇಷ್ಟ್ರ ಕಡೆ. ಅವರ ಮಗ ಎಲ್ಲೂ ಇಲ್ಲ, ಮನೆಯಲ್ಲೇ ಇದ್ದಾನೆ. ಚೀನಾ ಯಾರಿಗೂ ಬೇಡ, ಅದು ಸಕ್ಕರೆ ಡಬ್ಬಿ ಪಕ್ಕ ಸುಮ್ನೆ ಕೂತಿರುತ್ತದೆ.

2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು 50 ಪರ್ಸೆಂಟ್ ಮಾಡಿತು. 25 ಮೊದಲೇ ಇತ್ತು, ಇನ್ನು 25 ರಷ್ಯಾದ ಎಣ್ಣೆ ಕೊಂಡ ತಪ್ಪಿಗೆ. ಆ ವಾರವೇ ಬೋರ್ಡಿಗೆ ಹೊಸ ಸ್ಟಿಕ್ಕರ್ ಬಿತ್ತು. ಅಮೆರಿಕ ಸುಂಕ ಹಾಕಿದ ಮೇಲೆ ಇಲ್ಲೂ ರೇಟು ಏರಲೇಬೇಕಲ್ಲ ಅಂದರು ಮೇಷ್ಟ್ರು.

ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. "ಅಲ್ಲ ಮೇಷ್ಟ್ರೇ, ಸುಂಕ ಕಟ್ಟೋರು ಅಲ್ಲಿ ಸರಕು ತರಿಸಿಕೊಳ್ಳೋರು. ನಮ್ಮ ಸೀಗಡಿ, ನಮ್ಮ ಬಟ್ಟೆ ಅಲ್ಲಿ ತುಟ್ಟಿಯಾಗಬೇಕು. ಮಾರಾಟವಾಗದೆ ಇಲ್ಲೇ ಉಳಿದರೆ ಇಲ್ಲಿ ಅಗ್ಗವಾಗಬೇಕು, ಅಲ್ವಾ?"

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಅದು ಪುಸ್ತಕದ ಲೆಕ್ಕ ಕಣಪ್ಪಾ." ಅದುವರೆಗೂ ಒಂದು ಮಾತಿಗೂ ಒಪ್ಪದ ಬ್ಯಾಂಕ್ ಸಾರ್ ಕೂಡ ತಲೆ ಆಡಿಸಿದರು. ಅಮೆರಿಕ, ರಷ್ಯಾ ಒಂದಾದದ್ದನ್ನು ನಾನು ಕಣ್ಣಾರೆ ಕಂಡೆ.

ಆ ವರ್ಷ ಏಪ್ರಿಲ್‌ನಲ್ಲಿ ಟ್ರಂಪ್ ಹೊರಡಿಸಿದ ದೇಶವಾರು ಸುಂಕದ ಮೊದಲ ಪಟ್ಟಿಯಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳೂ ಇದ್ದವು. ಅಲ್ಲಿ ಮನುಷ್ಯರಿಲ್ಲ, ಬರೀ ಪೆಂಗ್ವಿನ್ನು, ಸೀಲು. ಅವಕ್ಕೂ 10 ಪರ್ಸೆಂಟ್. ಆದರೂ ಯಾವ ಪೆಂಗ್ವಿನ್ನೂ ಮೀನಿನ ರೇಟು ಜಾಸ್ತಿ ಮಾಡಿದ ಸುದ್ದಿ ಬರಲಿಲ್ಲ. ಪಾಪ, ಅವಕ್ಕೆ ಹೋಟೆಲ್ ನಡೆಸಿ ಗೊತ್ತಿಲ್ಲ.

ಓನರ್ ಹೇಳುವುದೆಲ್ಲ ಸುಳ್ಳಲ್ಲ. ಬ್ರೆಜಿಲ್ ಮಾತು ನಿಜ, ಪ್ರಪಂಚದಲ್ಲಿ ಎಲ್ಲರಿಗಿಂತ ಜಾಸ್ತಿ ಕಾಫಿ ಬೆಳೆಯುವುದು ಅಲ್ಲೇ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದ್ದು. ಒಟ್ಟು ಬೆಳೆಯ ಹೆಚ್ಚುಪಾಲು ಹಡಗು ಹತ್ತುತ್ತದೆ. ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿ. ಹಾಗಾಗಿ ಮೂಡಿಗೆರೆ ತೋಟದ ಅರೇಬಿಕಾ ಕಾಫಿಗೆ ನ್ಯೂಯಾರ್ಕಿನ ಪೇಟೆಯಲ್ಲಿ ರೇಟು ಕಟ್ಟುತ್ತಾರೆ. 2025ರ ಫೆಬ್ರವರಿಯಲ್ಲಿ ಅದು ಪೌಂಡಿಗೆ 4 ಡಾಲರ್ ದಾಟಿತ್ತು. ಪುಡಿ ತುಟ್ಟಿಯಾದದ್ದು ಹೌದು.

ಹಾಲಿನ ಕತೆಯೂ ಇದೆ. 2024ರ ಜೂನ್‌ನಲ್ಲಿ ನಂದಿನಿಯ ಒಂದು ಲೀಟರ್ ನೀಲಿ ಪ್ಯಾಕೆಟ್‌ಗೆ 2 ರೂಪಾಯಿ ಜಾಸ್ತಿ, ಜೊತೆಗೆ 50 ಮಿಲಿ ಹಾಲೂ ಜಾಸ್ತಿ. ಇದು ಬೆಲೆ ಏರಿಕೆಯೇ ಅಲ್ಲ ಅಂದರು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ವಾಪಸ್ ಹೋಯಿತು, 2 ರೂಪಾಯಿ ವಾಪಸ್ ಬರಲಿಲ್ಲ. ಬದಲಿಗೆ ಇನ್ನೂ 2 ಸೇರಿತು. ಲೀಟರಿಗೆ 4 ಅಂತಿಟ್ಟುಕೊಳ್ಳಿ. ಒಂದು ಲೋಟ ಕಾಫಿಗೆ 100 ಮಿಲಿ ಹಾಲು ಹಿಡಿದರೂ 40 ಪೈಸೆ. ಬೋರ್ಡಿನಲ್ಲಿ ಏರಿದ್ದು 2 ರೂಪಾಯಿ.

ಲೆಕ್ಕ ತೋರಿಸಿದೆ. ಓನರ್ ಬೇಜಾರು ಮಾಡಿಕೊಳ್ಳಲಿಲ್ಲ. "40 ಪೈಸೆ ಚಿಲ್ಲರೆ ನೀವು ತನ್ನಿ ಸಾರ್, ನಾನು ತಗೋತೀನಿ" ಅಂದರು.

ಇದನ್ನೆಲ್ಲ ಅವರು ಕಲಿತದ್ದು ಅವರಿಗಿಂತ ದೊಡ್ಡ ಕೌಂಟರಿನವರಿಂದ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ದರ ಸೊನ್ನೆಗಿಂತ ಕೆಳಗಿಳಿದಿತ್ತು. ಒಂದು ಬ್ಯಾರೆಲ್ ಎತ್ತಿಕೊಂಡು ಹೋಗಿ ಅಂತ ಕೈಗೆ 37 ಡಾಲರ್ ಕೊಡುವ ಸ್ಥಿತಿ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಎಕ್ಸೈಸ್ ಏರಿಸಿತು. ಅಗ್ಗವಾದದ್ದು ದಾರಿಯಲ್ಲೇ ಇಳಿದುಹೋಯಿತು, ಬಂಕಿನವರೆಗೆ ಬರಲೇ ಇಲ್ಲ. ರಾಜ್ಯದವರೇನು ಕಮ್ಮಿಯಲ್ಲ. 2024ರ ಜೂನ್‌ನಲ್ಲಿ ಚುನಾವಣೆ ಫಲಿತಾಂಶದ ಚೇರು ಮಡಚುವಷ್ಟರಲ್ಲಿ ಪೆಟ್ರೋಲಿಗೆ 3 ರೂಪಾಯಿ ಏರಿಸಿ, ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಅಗ್ಗ ಅಂದರು. ಪಕ್ಕದ ಮನೆಯವನಿಗೆ ಜ್ವರ 103, ನಿನಗೆ 102, ಖುಷಿಯಾಗಿರು ಅಂದ ಹಾಗೆ.

2025ರ ನವೆಂಬರ್‌ನಲ್ಲಿ ಟ್ರಂಪ್ ಅವರೇ ಕಾಫಿ, ಬಾಳೆಹಣ್ಣಿನ ಮೇಲಿನ ಹೊಸ ಸುಂಕ ತೆಗೆದರು. ಅಲ್ಲಿನ ಜನಕ್ಕೆ ದಿನಸಿ ತುಟ್ಟಿಯಾಗಿ ಗೊಣಗಾಟ ಶುರುವಾಗಿತ್ತು. ನಾನು ಓಡಿದೆ. "ಓನರ್, ಸುಂಕ ಹೋಯ್ತು! ಸ್ಟಿಕ್ಕರ್ ಕೀಳ್ತೀರಾ?"

ಅವರು ಟೋಕನ್ ಹರಿದು ಕೊಡುತ್ತಾ ನಿಧಾನವಾಗಿ ಹೇಳಿದರು. "ಅದು ಅಮೆರಿಕದ ವಿಷಯ ಸಾರ್. ನಮಗ್ಯಾಕೆ?"

ಮೊನ್ನೆ ಚಿಲ್ಲರೆಗಾಗಿ ಅವರು ಡ್ರಾ ಎಳೆದಾಗ ಒಳಗೆ ಕಣ್ಣು ಹೋಯಿತು. ಹೊಸ ಸ್ಟಿಕ್ಕರ್ ಹಾಳೆ, ಸಾಲಾಗಿ ಒಂದೇ ಅಂಕಿ, ಈಗಿನದಕ್ಕಿಂತ 3 ಜಾಸ್ತಿ. ನಾನು ನೋಡಿದ್ದನ್ನು ಅವರೂ ನೋಡಿದರು. ಡ್ರಾ ಮುಚ್ಚಿ, ಪೇಪರ್ ಓದುತ್ತಿದ್ದ ಮೇಷ್ಟ್ರ ಕಡೆ ತಿರುಗಿ ಕೇಳಿದರು.

"ಮೇಷ್ಟ್ರೇ, ಈಗ ಎಲ್ಲೆಲ್ಲಿ ಗಲಾಟೆ ನಡೀತಿದೆ?"