ಕೋಳಿಯನ್ನು ಕೇಳಿಯೇ ಮಸಾಲೆ

ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಇನ್ನು ಯಾರೂ ಆಡಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಕೇಳಿಯೇ ಅರೆಯುತ್ತಿದ್ದಾರೆ. ನ್ಯೂ ಮೆಕ್ಸಿಕೋದ ವೆರಿ ಲಾರ್ಜ್ ಅರೇ, ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ರೇಡಿಯೋ ದೂರದರ್ಶಕಗಳು ಎಷ್ಟು ಹೊತ್ತಿಗೆ, ಆಕಾಶದ ಯಾವ ಮೂಲೆಯತ್ತ, ಯಾವ ಆವರ್ತನದಲ್ಲಿ ಕಿವಿಗೊಡಲಿವೆ ಎಂದು ಆಕಾಶದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳವರಿಗೆ ಮೊದಲೇ ತಿಳಿಸುವ ಏರ್ಪಾಡು ಬಂದಿದೆ. ಆ ಉಪಗ್ರಹಗಳ ತರಂಗ ದೂರದರ್ಶಕದ ಕಿವಿಗೆ ಗದ್ದಲ. ತಿಳಿಸಿದರೆ ಉಪಗ್ರಹ ಆ ನೇರಕ್ಕೆ ಬಂದಾಗ ತನ್ನ ಬೀಮನ್ನು, ಅಂದರೆ ನೆಲಕ್ಕೆ ಬಿಡುವ ರೇಡಿಯೋ ತರಂಗದ ಕೋಲನ್ನು, ಪಕ್ಕಕ್ಕೆ ಸರಿಸುತ್ತದೆ, ಇಲ್ಲವೇ ಕ್ಷಣಕಾಲ ಬಾಯಿ ಮುಚ್ಚುತ್ತದೆ. ಎಂಥ ದೊಡ್ಡ ಮನಸ್ಸು!

ಬಾಯಿ ಮುಚ್ಚಿಸಲು ಅರ್ಜಿ ತುಂಬಬೇಕು, ಅಷ್ಟೇ. ದೂರದರ್ಶಕದ ಅಕ್ಷಾಂಶ, ರೇಖಾಂಶ, ಎತ್ತರ. ಗುರಿಯ ವಿಷುವದಂಶ, ಘಂಟಾವೃತ್ತಾಂಶ, ಅಂದರೆ ಆಕಾಶದ ರೇಖಾಂಶ, ಅಕ್ಷಾಂಶ. ಶುರು ಮತ್ತು ಕೊನೆಯ ಹೊತ್ತು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದಲ್ಲಿ. ಆವರ್ತನದ ಕೆಳಮಿತಿ, ಮೇಲ್ಮಿತಿ ಹರ್ಟ್ಸ್‌ನಲ್ಲಿ. ಗಿಗಾಹರ್ಟ್ಸ್‌ಗೆ ಒಂಬತ್ತು ಸೊನ್ನೆ, ಎಣಿಸಿಕೊಂಡು ಹಾಕಿ. ಖಗೋಳದವರು ವಿಷುವದಂಶವನ್ನು ಗಂಟೆಗಳಲ್ಲಿ ಬರೆಯುವವರು, ಇಲ್ಲಿ ಬೇಕಿರುವುದು ಡಿಗ್ರಿ. 5 ಗಂಟೆ ಎಂದರೆ 75 ಡಿಗ್ರಿ. ಮರೆತು 5 ಎಂದೇ ಬರೆದಿರೋ, ಯಾರೂ ನೋಡದ ಜಾಗದಲ್ಲಿ ಉಪಗ್ರಹ ಶಿಸ್ತಾಗಿ ಮೌನ ಆಚರಿಸಿ, ನಿಮ್ಮ ಗುರಿಯ ಮೇಲೆ ಎಂದಿನಂತೆ ಗದ್ದಲ ಮಾಡಿಕೊಂಡು ಹೋಗುತ್ತದೆ.

ಆಕಾಶವಾದರೂ ವೇಳಾಪಟ್ಟಿ ಪಾಲಿಸಬೇಡವೇ? ಎಲ್ಲೋ ಗಾಮಾ ಕಿರಣ ಸ್ಫೋಟವಾದರೆ ಇದ್ದ ಕೆಲಸ ಬಿಟ್ಟು ದೂರದರ್ಶಕದ ತಟ್ಟೆಗಳು ಅತ್ತ ತಿರುಗಬೇಕು. ಮೋಡ, ಗಾಳಿ ನೋಡಿ ಸರದಿಯೂ ಅದಲು ಬದಲಾಗುತ್ತದೆ. ಬೆಳಿಗ್ಗೆ ಕೈಯಲ್ಲಿ ತುಂಬಿದ ಪಟ್ಟಿ ಮಧ್ಯಾಹ್ನಕ್ಕೆ ರದ್ದಿ. ಹಾಗಾಗಿ ದೂರದರ್ಶಕವನ್ನು ತಿರುಗಿಸುವ ಕಂಪ್ಯೂಟರೇ ಪಟ್ಟಿಯನ್ನು ಆಗಾಗ ಹೊಸದು ಮಾಡಿ ಕಳಿಸಬೇಕು. ಇದನ್ನು ಕಟ್ಟಿದ ಎಂಜಿನಿಯರುಗಳ ಕೆಲಸ ಅಚ್ಚುಕಟ್ಟು, ಪರೀಕ್ಷೆಯಲ್ಲಿ ಗೆದ್ದಿದೆ ಕೂಡ. ಅವರ ಮೇಲೆ ನಮ್ಮ ಸಿಟ್ಟಿಲ್ಲ.

ಗ್ರೀನ್ ಬ್ಯಾಂಕ್‌ನ ನೆಲದ ಮೇಲಿನ ಮಡಿ ನೋಡಬೇಕು. 1958ರಿಂದ ಸುತ್ತ ಸಾವಿರಾರು ಚದರ ಮೈಲಿ ರೇಡಿಯೋ ನಿಶ್ಶಬ್ದ ವಲಯ. 100 ಮೀಟರಿನ ತಟ್ಟೆಯ ಹತ್ತಿರಕ್ಕೆ ಡೀಸೆಲ್ ಗಾಡಿಗಷ್ಟೇ ಪ್ರವೇಶ, ಏಕೆಂದರೆ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ರೇಡಿಯೋ ಗದ್ದಲವೇ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಂತೂ ವರ್ಷಗಟ್ಟಲೆ ಕಾಡಿದ ನಿಗೂಢ ಸಂಕೇತದ ಮೂಲ 2015ರಲ್ಲಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಗಂಟೆ ಹೊಡೆಯುವ ಮೊದಲೇ ಯಾರೋ ಮೈಕ್ರೋವೇವ್ ಒಲೆಯ ಬಾಗಿಲು ತೆಗೆಯುತ್ತಿದ್ದರು. ಒಲೆಯೊಳಗೆ ತರಂಗ ಹುಟ್ಟಿಸುವ ಮ್ಯಾಗ್ನೆಟ್ರಾನ್ ಆರುವ ಗಳಿಗೆಯಲ್ಲಿ 1.4 ಗಿಗಾಹರ್ಟ್ಸ್ ಆಸುಪಾಸಿನ ತರಂಗ ಹೊರಗೆ ಹಾರುತ್ತಿತ್ತು. ಪಾಪ, ಹಸಿದವರು. ಅವರಿಗೆ ಹೇಳಬಹುದಿತ್ತು. ಐನೂರು ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿ.ಮೀ. ಓಡುವವರಿಗೆ ನಿಶ್ಶಬ್ದ ವಲಯದ ಕಾನೂನು ತಾಗುವುದೇ ಇಲ್ಲ. ಅದು ನೆಲದ ಮೇಲಿನವರಿಗೆ ಮಾತ್ರ.

ರೇಡಿಯೋ ಖಗೋಳಕ್ಕೆಂದೇ ಕಾದಿಟ್ಟ ಆವರ್ತನಗಳ ಪಟ್ಟೆಯೊಂದು 10.7 ಗಿಗಾಹರ್ಟ್ಸ್‌ಗೆ ಮುಗಿಯುತ್ತದೆ, ಸ್ಟಾರ್‌ಲಿಂಕ್ ಇಳಿಸುವ ತರಂಗ ಅಲ್ಲಿಂದಲೇ ಶುರು. ಆಚೆ ಕಾಲಿಟ್ಟರೆ ಕೇಳುವವನಿಗೆ ಹಕ್ಕಿಲ್ಲ, ಕೂಗುವವನಿಗೆ ಲೈಸೆನ್ಸ್ ಇದೆ. ಇನ್ನೊಂದು ಕಂಪನಿ ಬಂದರೆ ಅದರ ಬಾಗಿಲಿಗೂ ಪಟ್ಟಿ ಹಿಡಿದು ಹೋಗಬೇಕು. ಎಲ್ಲಿ ನೋಡುತ್ತೇವೆಂದು ಮೊದಲೇ ಬಿಟ್ಟುಕೊಟ್ಟರೆ ಎದುರಾಳಿ ಖಗೋಳ ತಂಡ ಓದಿಕೊಳ್ಳುತ್ತದೆ ಎಂಬ ಚಿಂತೆ ಬೇರೆ. ಇಷ್ಟೆಲ್ಲ ಮಾಡಿದರೂ ತಪ್ಪುವುದು ನೇರ ಹೊಡೆತ ಮಾತ್ರ. ತಟ್ಟೆಯ ಅಕ್ಕಪಕ್ಕದಿಂದ ನುಸುಳುವುದು ನುಸುಳುತ್ತಲೇ ಇರುತ್ತದೆ.

ನಮ್ಮ ಕಡೆಯವರು ಈ ಅರ್ಜಿ ತುಂಬುವುದು ಹೇಗೋ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸರಸ್ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು ಮೊದಲ ನಕ್ಷತ್ರಗಳ ಕಾಲದ ಸುಳಿವು ಹುಡುಕಿದರು. ಅದು ಒಂದೆಡೆ ನೋಡುವ ಆಂಟೆನಾ ಅಲ್ಲ, ತಲೆಯ ಮೇಲಿನ ಆಕಾಶವನ್ನೆಲ್ಲ ಒಟ್ಟಿಗೆ ಕೇಳಿಸಿಕೊಳ್ಳುವಂಥದ್ದು. 'ಗುರಿ' ಎಂಬಲ್ಲಿ ಏನು ಬರೆಯಬೇಕು? 'ಎಲ್ಲ' ಅಂತಲೇ?

ಕೆಳ ಆವರ್ತನದವರ ಕಷ್ಟಕ್ಕೆ ಪಟ್ಟಿಯೂ ಮದ್ದಲ್ಲ. ನೆದರ್ಲೆಂಡ್ಸ್‌ನ ಲೋಫಾರ್ ರೇಡಿಯೋ ದೂರದರ್ಶಕ, 2023ರ ವರದಿಯಂತೆ, ಹಿಡಿದದ್ದು ಸ್ಟಾರ್‌ಲಿಂಕ್ ಬೇಕೆಂದು ಕಳಿಸಿದ ಸಂಕೇತವನ್ನಲ್ಲ, ಅದರೊಳಗಿನ ಎಲೆಕ್ಟ್ರಾನಿಕ್ಸ್‌ನಿಂದ 110ರಿಂದ 188 ಮೆಗಾಹರ್ಟ್ಸ್ ನಡುವೆ ಸೋರುವ ಗದ್ದಲವನ್ನು. ಮರುವರ್ಷ ಹೊಸ ಪೀಳಿಗೆಯ ಉಪಗ್ರಹಗಳನ್ನು ಅಳೆದರು: 32 ಪಟ್ಟಿನವರೆಗೂ ಜೋರು. ಬೀಮು ತಿರುಗಿಸಿದರೆ ಇದು ನಿಲ್ಲದು. ಹಾರಿಸುವ ಮುನ್ನವೇ ಅಳೆದು, ಸೋರುವ ಕಡೆ ಕವಚ ಹಾಕಬೇಕಿತ್ತು. ಹಾಕಲೇಬೇಕು ಎನ್ನುವ ಅಂತರರಾಷ್ಟ್ರೀಯ ನಿಯಮ ಮಾತ್ರ ಇಲ್ಲ.