ನಾರ್ವೆಯ ಯುದ್ಧದ ಮಕ್ಕಳಿಗೆ ಅಪ್ಪನ ಹೆಸರು ಸಿಗಲೇಬೇಕು

ಎಂಬತ್ತು ದಾಟಿದ ಮೇಲೆ ಅಪ್ಪ ಯಾರೆಂದು ಹುಡುಕಿ ಏನಾಗಬೇಕು, ಸತ್ತವರನ್ನು ಯಾಕೆ ಕೆದಕಬೇಕು ಎನ್ನುವವರಿದ್ದಾರೆ. ಈ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ.

1940ರ ಏಪ್ರಿಲ್‌ನಿಂದ 1945ರ ಮೇವರೆಗೆ ನಾರ್ವೆ ಜರ್ಮನ್ ಸೇನೆಯ ಕೈಯಲ್ಲಿತ್ತು. ಆ ಸೈನಿಕರಿಂದ ಅಲ್ಲಿನ ಹೆಣ್ಣುಮಕ್ಕಳಿಗೆ ಹುಟ್ಟಿದ ಮಕ್ಕಳು ಹತ್ತು-ಹನ್ನೆರಡು ಸಾವಿರ ಎಂಬ ಅಂದಾಜಿದೆ. ಯುದ್ಧ ಮುಗಿದದ್ದೇ ತಡ, ಆ ತಾಯಂದಿರ ಮೇಲೆ ಊರೇ ತಿರುಗಿಬಿತ್ತು. ಜರ್ಮನ್ನರನ್ನು ಮದುವೆಯಾದವರ ಪೌರತ್ವವನ್ನು ಸರ್ಕಾರವೇ ಕಿತ್ತುಕೊಂಡಿತು. ಅಂದಿನ ಪ್ರಧಾನಿ ಎರ್ನಾ ಸೋಲ್‌ಬರ್ಗ್ ಆ ಹೆಂಗಸರ ಕ್ಷಮೆ ಕೇಳಿದ್ದು 2018ರಲ್ಲಿ! ಅಂಥ ಊರಿನಲ್ಲಿ ಅಜ್ಜಿಯೊಬ್ಬಳು "ನಿಮ್ಮಪ್ಪ ಸತ್ತುಹೋದ" ಎಂದು ಬಾಯಿ ಮುಚ್ಚಿಸಿದ್ದರೆ ಅವಳನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಸ್ವೀಡನ್ನಿನ ಪಾಪ್ ಸಂಗೀತ ತಂಡ ಆಬ್ಬಾದ ಗಾಯಕಿ ಆನಿ-ಫ್ರಿಡ್ ಲಿಂಗ್‌ಸ್ಟಾಡ್ ಕೂಡ ಹಾಗೇ ನಂಬಿ ಬೆಳೆದವರು. 1977ರಲ್ಲಿ ಅಪ್ಪ ಜೀವಂತ ಸಿಕ್ಕರು.

ಮನೆ ಮುಚ್ಚಿಟ್ಟದ್ದನ್ನು ಎಷ್ಟೋ ಸಲ ಕಾಗದ ಹೇಳುತ್ತದೆ. ಇಂಥ ತಾಯಂದಿರ ಹೆರಿಗೆ, ಮಕ್ಕಳ ಪಾಲನೆ ನೋಡಿಕೊಳ್ಳುತ್ತಿದ್ದ ನಾಜಿಗಳ ಲೇಬೆನ್ಸ್‌ಬೋರ್ನ್ ಸಂಸ್ಥೆ ನಾರ್ವೆಯಲ್ಲಿ ಸುಮಾರು ಎಂಟು ಸಾವಿರ ಮಕ್ಕಳನ್ನು ನೋಂದಾಯಿಸಿತ್ತು. ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಹೆಸರೊಂದೇ ಸಿಕ್ಕರೆ ಸಾಲದು. ಹಾನ್ಸ್ ಮ್ಯುಲರ್ ಎಂಬ ಹೆಸರಿನವರು ಜರ್ಮನಿಯಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಹುಟ್ಟಿದ ದಿನಾಂಕ ಬೇಕೇ ಬೇಕು. ಅದಿದ್ದರೆ ಬರ್ಲಿನ್ನಿನ ಫೆಡರಲ್ ಪತ್ರಾಗಾರಕ್ಕೆ ಬರೆಯಬಹುದು. ಸೈನಿಕರ ಮಾಹಿತಿ ಕೊಡುತ್ತಿದ್ದ ಹಳೆಯ ಕಚೇರಿ 2019ರಲ್ಲಿ ಅದರೊಳಗೆ ಸೇರಿತು.

ತಾಯಿಯ ಪೆಟ್ಟಿಗೆಯಲ್ಲಿ ಸೈನಿಕನ ಕೊರಳಿನ ಗುರುತಿನ ಬಿಲ್ಲೆಯ ನಕಲೋ ಸಂಖ್ಯೆಯೋ ಸಿಕ್ಕರೆ ಜೋಪಾನ. ಮೊಟ್ಟೆಯಾಕಾರದ ಆ ಲೋಹದ ತುಂಡಿನ ನಡುವೆ ಸಾಲಾಗಿ ಸೀಳುಗಳಿರುತ್ತವೆ; ಸತ್ತರೆ ಅರ್ಧ ಮುರಿದುಕೊಳ್ಳಲು. ಎರಡೂ ಅರ್ಧದಲ್ಲಿ ಒಂದೇ ಬರಹ: ತುಕಡಿ, ಕ್ರಮಸಂಖ್ಯೆ, ರಕ್ತದ ಗುಂಪು. ಹೆಸರಿಲ್ಲ. ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ. ಬಿಲ್ಲೆಯ ಮೇಲಿರುವುದು ಸಾಮಾನ್ಯವಾಗಿ ಅವನು ಮೊದಲು ಸೇರಿದ ತರಬೇತಿ ತುಕಡಿ, ನಾರ್ವೆಗೆ ಬಂದಾಗಿನದಲ್ಲ. ಮಗುವಿನ ಜನ್ಮದಿನದಿಂದ 38 ವಾರ ಹಿಂದೆ ಎಣಿಸಿ, ಆ ಹೊತ್ತಿಗೆ ಅವನು ಆ ಊರಿನಲ್ಲಿದ್ದನೇ ಎಂದು ಬೇರೆ ದಾಖಲೆಯಲ್ಲಿ ತಾಳೆ ನೋಡಲೇಬೇಕು. ಸೇವಾ ಕಡತ ಸಿಗದಿದ್ದರೆ ಮುಚ್ಚಿಟ್ಟರು ಎಂದುಕೊಳ್ಳಬೇಡಿ. 1945ರ ಏಪ್ರಿಲ್‌ನಲ್ಲಿ ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್ ಮೇಲೆ ಬಾಂಬು ಬಿದ್ದಾಗ ಅಲ್ಲಿದ್ದ ಭೂಸೇನೆಯ ಬಹಳಷ್ಟು ಕಡತಗಳು ಸುಟ್ಟುಹೋದವು.

ಸೈನಿಕ ಸುಳ್ಳು ಹೆಸರು ಹೇಳಿದ್ದರೆ ಉಳಿಯುವುದು ಎಂಜಲಿನಿಂದ ನೆಂಟರನ್ನು ಪತ್ತೆಹಚ್ಚುವ ಡಿಎನ್‌ಎ ಪರೀಕ್ಷೆ. ಎಂಜಲು ಕೊಡುವ ಅರ್ಧ ಗಂಟೆ ಮುಂಚೆ ಏನೂ ತಿನ್ನಬಾರದು, ಕುಡಿಯಬಾರದು. ತಾಯಿಯ ಕಡೆಯ ಒಬ್ಬರಿಗಾದರೂ ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಯಾವ ನೆಂಟರು ಯಾವ ಕಡೆಯವರೆಂದೇ ಬಿಡಿಸಲಾಗದು. ಅಪ್ಪ ಒಬ್ಬನೇ ಆಗಿ ತಾಯಿ ಬೇರೆಯಾದ ಒಡಹುಟ್ಟಿದವರಲ್ಲಿ ಸರಾಸರಿ 1750 ಸೆಂಟಿಮಾರ್ಗನ್ (ಇಬ್ಬರ ಡಿಎನ್‌ಎ ಎಷ್ಟು ಹೊಂದುತ್ತದೆ ಎಂಬುದರ ಅಳತೆ) ಹೊಂದುತ್ತದೆ. 870ರ ಆಸುಪಾಸು ಬಂದರೆ ಆ ಒಡಹುಟ್ಟಿದವರ ಮಕ್ಕಳೂ ಇರಬಹುದು, ಅಪ್ಪನ ಅಣ್ಣತಮ್ಮಂದಿರ ಮಕ್ಕಳೂ ಇರಬಹುದು. ವಯಸ್ಸು ನೋಡದೆ ಯಾರನ್ನೂ ಅಪ್ಪನೆಂದು ಗೊತ್ತುಮಾಡಬೇಡಿ.

ಅಪ್ಪನ ಮನೆ ಪತ್ತೆಯಾದರೆ ಮೊದಲ ಪತ್ರ ಅವನ ಮುದಿ ಹೆಂಡತಿಯ ಕೈಗೆ ಸಿಗದಿರಲಿ, ಆಕೆಗೂ ಒಂದು ಬದುಕಿದೆ. ಅವರ ಮಕ್ಕಳಿಗೆ ಬರೆಯಿರಿ, ಒಂದೇ ಪುಟ. ಆಸ್ತಿ ಕೇಳಲು ಬಂದಿಲ್ಲವೆಂದು ಮೊದಲ ಸಾಲಿನಲ್ಲೇ ಹೇಳಿ. ನಿಮ್ಮ ಜನ್ಮದಿನ, ಊರು, ತಾಯಿಯ ಹೆಸರು, ಜೊತೆಗೆ ನಿಮ್ಮ ಚಿಕ್ಕಂದಿನ ಒಂದು ಫೋಟೋ.